ಎಡಿಮಾ: ಕ್ಯಾನ್ಸರ್ ಮಾತ್ರೆ ತರುವ ಊತ

ಕಾಲು ಉಳುಕಿದರೆ ಊದಿಕೊಂಡಿದೆ ಅನ್ನುತ್ತೇವೆ. ಜೇನು ಕಚ್ಚಿದರೂ ಅದೇ ಮಾತು, ಕಿಡ್ನಿ ತೊಂದರೆಯಿಂದ ಪಾದಕ್ಕೆ ನೀರು ಇಳಿದರೂ ಅದೇ ಮಾತು. ಕೆಂಪಾಗಿ, ಬಿಸಿಯಾಗಿ ನೋಯುವ ಊತಕ್ಕೆ ಕನ್ನಡದಲ್ಲಿ 'ಉರಿಯೂತ' ಎಂಬ ಒಳ್ಳೆಯ ಪದವಿದೆ. ಆದರೆ ಉರಿಯೇ ಇಲ್ಲದ ಊತವೂ ಇರುತ್ತದಲ್ವಾ? ರಕ್ತನಾಳದಿಂದ ಜಿನುಗಿದ ನೀರು ಚರ್ಮದ ಕೆಳಗೆ ನಿಂತುಬಿಡುತ್ತದೆ. ನೋವಿಲ್ಲ, ಬೆರಳಿನಿಂದ ಒತ್ತಿದರೆ ಎಷ್ಟೋ ಸಲ ಗುಳಿ ಬೀಳುತ್ತದೆ. ಹೀಗೆ ನೀರು ತುಂಬಿ ಬರುವ ಊತವನ್ನು ಡಾಕ್ಟರುಗಳು 'ಎಡಿಮಾ' ಅನ್ನುತ್ತಾರೆ.

ಟಾರ್ಗೆಟೆಡ್ ಥೆರಪಿ, ಅಂದರೆ ಕ್ಯಾನ್ಸರ್ ಕೋಶದ ನಿರ್ದಿಷ್ಟ ಪ್ರೋಟೀನನ್ನೇ ಗುರಿಯಾಗಿಸುವ ಔಷಧಿ ತೆಗೆದುಕೊಳ್ಳುವವರು ಈ ಪದವನ್ನು ಆಗಾಗ ಕೇಳುತ್ತಾರೆ. ಇದಕ್ಕೆ ಇಮ್ಯಾಟಿನಿಬ್ ಒಳ್ಳೆಯ ಉದಾಹರಣೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮಾತ್ರೆ, ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನ ಚಿತ್ರವನ್ನೇ ಬದಲಿಸಿತು. ಇದರ ಗ್ಲೀವೆಕ್ ಬ್ರಾಂಡಿನ ಪೇಟೆಂಟ್ ಕೋರಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದು ನೆನಪಿರಬಹುದು. ಅಗ್ಗದ ಜನರಿಕ್ ಮಾತ್ರೆ ಇಲ್ಲಿ ಸಿಗುವುದು ಅದರಿಂದ ಮುಂದುವರಿಯಿತು. ಎಷ್ಟು ದೊಡ್ಡ ಉಪಕಾರ ಅದು!

ಈ ಮಾತ್ರೆ ನುಂಗುವವರಲ್ಲಿ ಅನೇಕರಿಗೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ. 'ರಾತ್ರಿಯೆಲ್ಲ ಅತ್ರಾ? ನಿದ್ದೆ ಬರಲಿಲ್ವಾ?' ಎಂದು ಮನೆಯವರು ಕೇಳುತ್ತಾರೆ. ಅಷ್ಟು ಸಾಮಾನ್ಯ ಇದು. ಔಷಧಿ ಕ್ಯಾನ್ಸರ್‌ನ ಪ್ರೋಟೀನಿನ ಜೊತೆಗೆ ಪಿಡಿಜಿಎಫ್ ರಿಸೆಪ್ಟರ್, ಕಿಟ್ ಎಂಬ ಇನ್ನೆರಡನ್ನೂ ತಡೆಯುತ್ತದೆ. ಇದರಲ್ಲಿ ಮೊದಲನೆಯದು ಅಂಗಾಂಶದಲ್ಲಿ ಎಷ್ಟು ನೀರಿರಬೇಕು ಅನ್ನುವುದನ್ನು ಹಿಡಿತದಲ್ಲಿಡಲು ನೆರವಾಗುತ್ತದೆ. ಆ ಹಿಡಿತ ಸಡಿಲವಾದಾಗ ನೀರು ನಿಲ್ಲುತ್ತದೆ ಎಂಬುದು ಸಾಮಾನ್ಯ ವಿವರಣೆ. ಕಣ್ಣಿನ ಕೆಳಗಿನ ಚರ್ಮ ತೀರಾ ತೆಳು, ಸಡಿಲ. ರಾತ್ರಿ ಮಲಗಿದಾಗ ಅಲ್ಲಿಗೇ ಮೊದಲು ಸೇರುತ್ತದೆ. ಬಹುತೇಕ ಇದು ಅಪಾಯವಲ್ಲ. ಕಣ್ಣೇ ಮುಚ್ಚಿಹೋಗುವಷ್ಟು ಊದಿ, ಆಪರೇಷನ್ ಬೇಕಾದವರು ಬೆರಳೆಣಿಕೆಯಷ್ಟು.

ನನಗೆ ಕಾಳಜಿ ಇರುವುದು ಕಣ್ಣಿಗೆ ಕಾಣದ ನೀರಿನ ಬಗ್ಗೆ. ಕೆಲವೇ ಮಂದಿಯಲ್ಲಿ ಅದು ಶ್ವಾಸಕೋಶ, ಹೃದಯದ ಸುತ್ತ, ಹೊಟ್ಟೆಯೊಳಗೆ ಸೇರುತ್ತದೆ. ವಯಸ್ಸಾದವರಲ್ಲಿ, ಡೋಸ್ ಜಾಸ್ತಿ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಕನ್ನಡಿಗಿಂತ ಮೊದಲು ಇದನ್ನು ಹೇಳುವುದು ತೂಕದ ಯಂತ್ರ. ಊಟ ಬದಲಾಗದೆಯೇ ನಾಲ್ಕಾರು ದಿನದಲ್ಲಿ ತೂಕ ಸರ್ರನೆ ಏರಿದರೆ ಅದು ಕೊಬ್ಬಲ್ಲ, ನೀರು. ಇದೇ ಬಳಗದ ಡಸಾಟಿನಿಬ್‌ನಲ್ಲಿ ಶ್ವಾಸಕೋಶದ ಸುತ್ತ ನೀರು ಸೇರುವುದು ಅಪರೂಪವೇನಲ್ಲ. ಔಷಧಿ ಶುರುವಾಗಿ ವರ್ಷಗಳ ನಂತರವೂ ಬರಬಹುದು. ಒಣ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಕಂಡರೆ 'ಸುಮ್ನೆ ಶೀತ' ಅಂದುಕೊಳ್ಳಬೇಡಿ.

ನಿಜಕ್ಕೂ ಅಪರೂಪದ್ದು, ನಿಜಕ್ಕೂ ಹೆದರಬೇಕಾದ್ದು ಇನ್ನೊಂದಿದೆ. ಅದರ ಹೆಸರು ಆಂಜಿಯೋಎಡಿಮಾ. ತುಟಿ, ನಾಲಿಗೆ, ಗಂಟಲು ಇದ್ದಕ್ಕಿದ್ದಂತೆ ಊದುತ್ತವೆ. ಕಿಡ್ನಿ ಮತ್ತು ಸ್ತನ ಕ್ಯಾನ್ಸರ್‌ಗೆ ಕೊಡುವ ಎವೆರೋಲಿಮಸ್‌ನಲ್ಲಿ ಇದು ಕಾಣಿಸಿಕೊಂಡಿದೆ. ಜೊತೆಗೆ ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಇದ್ದರೆ ಅಪಾಯ ಹೆಚ್ಚುತ್ತದೆ. ಹಾಗಾಗಿ ಕ್ಯಾನ್ಸರ್ ಡಾಕ್ಟರಿಗೆ ಬಿಪಿ ಚೀಟಿಯನ್ನೂ ತೋರಿಸಿ. ಗಂಟಲು ಬಿಗಿದರೆ, ದನಿ ಬದಲಾದರೆ, ಉಸಿರಾಡಲು ಕಷ್ಟವಾದರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರಬೇಡಿ. ನೇರ ತುರ್ತು ಚಿಕಿತ್ಸೆಗೆ ಹೋಗಬೇಕು.

ಉಳಿದ ಊತಗಳಲ್ಲಿ ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಬಹುದು, ಮೂತ್ರ ಹೆಚ್ಚಿಸುವ ಮಾತ್ರೆ ಕೊಡಬಹುದು, ಡೋಸ್ ಇಳಿಸಬಹುದು, ಕೆಲ ದಿನ ನಿಲ್ಲಿಸಬಹುದು. ನಿಲ್ಲಿಸುವುದು ಮಾತ್ರ ಅವರ ತೀರ್ಮಾನವಾಗಿರಲಿ. ಮುಖ ಊದಿತೆಂದು ತಾವೇ ಮಾತ್ರೆ ಬಿಟ್ಟರೆ, ಅಲ್ಲಿಯವರೆಗೆ ಹಿಡಿತದಲ್ಲಿದ್ದ ಕಾಯಿಲೆ ಮತ್ತೆ ತಲೆ ಎತ್ತಬಹುದು. ಬೆಳಿಗ್ಗೆ ಎದ್ದು, ತಿಂಡಿಗೆ ಮುಂಚೆ ತೂಕ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರನ್ನು ನೋಡಲು ಹೋಗುವಾಗ ಅದನ್ನೇ ಕೊಂಡೊಯ್ಯಿರಿ.