ಅಂಕಕ್ಕಿಂತ ಮೊದಲ ಪ್ರಶ್ನೆ: ಎಂಡೊಮೆಟ್ರಿಯೋಸಿಸ್ ಡೈರಿಯನ್ನು ಓದುವ ಬಗೆ

ಎಂಡೊಮೆಟ್ರಿಯೋಸಿಸ್‌ನಲ್ಲಿ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕಿಬ್ಬೊಟ್ಟೆಯ ಒಳಪೊರೆ ಮೊದಲಾದ ಕಡೆ ಬೆಳೆಯುತ್ತದೆ. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆ ನೋಡುವ ವಿಧಾನ) ಎಷ್ಟು ಕಂಡಿತು ಎನ್ನುವುದಕ್ಕೂ ಎಷ್ಟು ನೋಯುತ್ತದೆ ಎನ್ನುವುದಕ್ಕೂ ತಾಳೆಯಾಗುವುದು ಕಡಿಮೆ. ರೋಗ ಅತಿ ಕಡಿಮೆ ಕಂಡ ಮೊದಲ ಹಂತದ ರೋಗಿ ನೋವಿನಿಂದ ಹಾಸಿಗೆ ಹಿಡಿದಿರಬಹುದು. ಅತಿ ಹೆಚ್ಚು ಕಂಡ ನಾಲ್ಕನೇ ಹಂತದವರಿಗೆ ಬಂಜೆತನದ ತಪಾಸಣೆಯಲ್ಲಿ ಮೊದಲ ಬಾರಿಗೆ ರೋಗ ಗೊತ್ತಾಗಬಹುದು. ಹೀಗಾಗಿ ಔಷಧ ಕೆಲಸ ಮಾಡಿತೇ ಎಂದು ತಿಳಿಯಲು ರೋಗಿಯ ಮಾತನ್ನೇ ಅಳತೆಗೋಲು ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ರೋಗಿ ದಿನವೂ ತನ್ನ ನೋವನ್ನು ದಾಖಲಿಸುವ ಡೈರಿ ಇರುವುದು ಅದಕ್ಕಾಗಿ.

ಡೈರಿಗಿಂತ ಹಿಂದಿನ ಬಗೆಯನ್ನು ಮೊದಲು ನೋಡೋಣ. ಈ ರೋಗದ ನೋವನ್ನು ಅಳೆಯುವ 1981ರ ಬಿಬರೋಗ್ಲು–ಬೆಹ್ರ್‌ಮನ್ ಮಾಪಕದಲ್ಲಿ ಐದು ಅಂಶಗಳಿದ್ದವು. ಮುಟ್ಟಿನ ನೋವು, ಮುಟ್ಟಿಲ್ಲದ ದಿನಗಳ ಕಿಬ್ಬೊಟ್ಟೆ ನೋವು, ಸಂಭೋಗದ ನೋವು, ಈ ಮೂರನ್ನು ರೋಗಿ ಹೇಳಬೇಕು. ಉಳಿದ ಎರಡನ್ನು ವೈದ್ಯರು ಪರೀಕ್ಷಿಸಿ ಬರೆಯಬೇಕು. ತೊಂದರೆ ಇದ್ದದ್ದು ಕೇಳುವ ಸಮಯದಲ್ಲಿ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದವರನ್ನು 'ಕಳೆದ ತಿಂಗಳು ನೋವು ಹೇಗಿತ್ತು' ಎಂದು ಕೇಳಿದರೆ, ಅತಿ ಕೆಟ್ಟ ದಿನ ಮತ್ತು ನಿನ್ನೆ ಮೊನ್ನೆಯ ದಿನಗಳು ಸೇರಿ ಉತ್ತರವಾಗುತ್ತವೆ.

ಹಾಗಾದರೆ ದಿನವೂ ಕಾಗದದ ಮೇಲೆ ಬರೆಸಿದರೆ ಸಾಲದೇ? 2002ರಲ್ಲಿ ಸ್ಟೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಒಮ್ಮೆ ಓದಿ. ದೀರ್ಘಕಾಲದ ನೋವಿದ್ದವರಿಗೆ ಕಾಗದದ ಡೈರಿ ಕೊಟ್ಟು, ಅದರ ಹೊದಿಕೆಯೊಳಗೆ ಬೆಳಕು ಗುರುತಿಸುವ ಸಂವೇದಕ ಅಡಗಿಸಿಟ್ಟಿದ್ದರು. ಡೈರಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದು ದಾಖಲಾಗುತ್ತಿತ್ತು. ಬರೆದವರ ಲೆಕ್ಕದಲ್ಲಿ ಶೇ. 90ರಷ್ಟು ನಮೂದುಗಳು ಹೊತ್ತಿಗೆ ಸರಿಯಾಗಿದ್ದವು. ಸಂವೇದಕದ ಲೆಕ್ಕದಲ್ಲಿ ಶೇ. 11. ಎಲೆಕ್ಟ್ರಾನಿಕ್ ಡೈರಿಯ ಗುಂಪಿನಲ್ಲಿ ಶೇ. 94. ರೋಗಿಗಳನ್ನು ಸುಳ್ಳುಗಾರರೆಂದು ಕರೆಯುವ ಅಗತ್ಯವಿಲ್ಲ. ಹಾಳೆಯಲ್ಲಿ ಖಾಲಿ ಜಾಗ ಕಂಡರೆ ತುಂಬಿಬಿಡುವುದು ಮನುಷ್ಯ ಸ್ವಭಾವ, ಪರೀಕ್ಷೆ ಬರೆದ ನಮಗಂತೂ ಗೊತ್ತಿರುವ ವಿಷಯ. ಎಲೆಕ್ಟ್ರಾನಿಕ್ ಡೈರಿಯ ದೊಡ್ಡ ಉಪಕಾರವೆಂದರೆ ನಿಗದಿತ ಅವಧಿ ಮುಗಿದ ಮೇಲೆ ಹಳೆಯ ದಿನವನ್ನು ತುಂಬಲು ಬಿಡದಿರುವುದು.

ಈಗ ನನ್ನ ಮಟ್ಟಿಗೆ ಮುಖ್ಯವಾದ ಮಾತು. ಎಲ್ಲರ ಕಣ್ಣೂ 0ರಿಂದ 10ರ ಅಂಕದ ಮೇಲಿರುತ್ತದೆ: 'ಕಳೆದ 24 ಗಂಟೆಗಳಲ್ಲಿ ಅತಿ ಹೆಚ್ಚಿನ ನೋವು ಎಷ್ಟಿತ್ತು?' ಆದರೆ ಆ ಅಂಕ ಯಾವ ಖಾತೆಗೆ ಜಮೆಯಾಗಬೇಕೆಂದು ತೀರ್ಮಾನಿಸುವುದು 'ಇಂದು ಮುಟ್ಟಿನ ಸ್ರಾವವಿತ್ತೇ?' ಎಂಬ ಪುಟ್ಟ ಪ್ರಶ್ನೆ. ಕಾಲ್ಪನಿಕ ಲೆಕ್ಕವೊಂದನ್ನು ಹಾಕೋಣ. ಒಬ್ಬರಿಗೆ 28 ದಿನಗಳ ಚಕ್ರದಲ್ಲಿ 5 ದಿನ ಮುಟ್ಟು, ಆಗ ನೋವು 8. ಉಳಿದ 23 ದಿನ 3. ಒಟ್ಟು ಸರಾಸರಿ 3.9. ಚಿಕಿತ್ಸೆಯ ನಂತರ ಮುಟ್ಟಿನ ನೋವು 4ಕ್ಕೆ ಇಳಿದು, ಉಳಿದದ್ದು ಹಾಗೆಯೇ ಇದ್ದರೆ ಸರಾಸರಿ 3.2. ಒಟ್ಟಾರೆ ನೋಡಿದವರಿಗೆ ಇಳಿಕೆ ಒಂದು ಅಂಕವೂ ಇಲ್ಲ. ಬೇರ್ಪಡಿಸಿ ನೋಡಿದವರಿಗೆ ಮುಟ್ಟಿನ ನೋವು ಅರ್ಧಕ್ಕೆ ಇಳಿದಿದೆ. ಅದಕ್ಕಾಗಿಯೇ ದೊಡ್ಡ ಪ್ರಯೋಗಗಳು ಎರಡನ್ನೂ ಪ್ರತ್ಯೇಕ ಮುಖ್ಯ ಗುರಿಗಳಾಗಿ ಇಟ್ಟುಕೊಳ್ಳುತ್ತವೆ, ಮತ್ತು ಪೂರ್ಣ ಚಕ್ರವೊಂದು ಒಳಗೊಳ್ಳುವಂತೆ 35 ದಿನಗಳ ನಮೂದುಗಳನ್ನು ಸರಾಸರಿಗೆ ತೆಗೆದುಕೊಳ್ಳುತ್ತವೆ.

ಎಲಗೋಲಿಕ್ಸ್ ಎಂಬ ಎಂಡೊಮೆಟ್ರಿಯೋಸಿಸ್ ನೋವಿನ ಔಷಧದ ಬಗ್ಗೆ 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಮೊದಲನೆಯದನ್ನು ನೋಡಿ. ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಮುಟ್ಟಿನ ನೋವು ತಗ್ಗಿದವರು ಶೇ. 75.8, ಪ್ಲಸಿಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿನಲ್ಲಿ ಶೇ. 19.6. ಮುಟ್ಟಿಲ್ಲದ ದಿನಗಳ ನೋವಿನಲ್ಲಿ ಅಂತರ ಕಿರಿದು: ಶೇ. 54.5 ಮತ್ತು ಶೇ. 36.5. ಈ ಔಷಧದಿಂದ ಹಲವರಿಗೆ ಮುಟ್ಟೇ ನಿಲ್ಲುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು. ಮುಟ್ಟಿಲ್ಲದಿದ್ದರೆ ಮುಟ್ಟಿನ ನೋವೂ ಇಲ್ಲ. ರೋಗಿಗೆ ಅದು ನಿಜವಾದ ನೆಮ್ಮದಿಯೇ, ಆದರೆ ಎರಡನೆಯ ಸಂಖ್ಯೆಯನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಅರ್ಧ ಸತ್ಯ.

ನೋವುನಿವಾರಕ ಮಾತ್ರೆಗಳ ಲೆಕ್ಕವೂ ಡೈರಿಯಲ್ಲಿರಲೇಬೇಕು. ನಾಲ್ಕು ಮಾತ್ರೆ ನುಂಗಿ 3 ಎಂದು ಬರೆದದ್ದೂ ಏನೂ ನುಂಗದೆ 3 ಎಂದು ಬರೆದದ್ದೂ ಒಂದೇ ಅಲ್ಲ. ಇದೇ ರೋಗಕ್ಕೆ ಕೊಡುವ ಇನ್ನೊಂದು ಔಷಧ ರೆಲುಗೋಲಿಕ್ಸ್ ಸಂಯೋಜನೆ. ಅದರ 'ಸ್ಪಿರಿಟ್' ಹೆಸರಿನ ಪ್ರಯೋಗಗಳಲ್ಲಿ ಮುಟ್ಟಿನ ನೋವು ಕನಿಷ್ಠ 2.8 ಅಂಕ ಇಳಿದಿರಬೇಕು, ಜೊತೆಗೆ ಮಾತ್ರೆಗಳ ಬಳಕೆ ಹೆಚ್ಚಿರಬಾರದು. ಆಗಲೇ ಆ ರೋಗಿ 'ಸ್ಪಂದಿಸಿದವರು'.

ಸಂಭೋಗದ ನೋವಿನ ಪ್ರಶ್ನೆ ಇನ್ನೂ ಜಟಿಲ. ನೋವಿಗೆ ಹೆದರಿ ಸಂಭೋಗವನ್ನೇ ತಪ್ಪಿಸಿಕೊಂಡವರು ಅಂಕ ಕೊಡುವುದು ಯಾವುದಕ್ಕೆ? 1981ರ ಆ ಮಾಪಕದಲ್ಲಿ ಅಂಥ ತಪ್ಪಿಸಿಕೊಳ್ಳುವಿಕೆಯನ್ನೇ ತೀವ್ರ ನೋವೆಂದು ಗಣಿಸಿದ್ದು ಸರಿಯಾಗಿದೆ, ಆದರೆ ಪತಿ ಊರಿನಲ್ಲಿಲ್ಲದ್ದಕ್ಕೂ ನೋವಿನ ಭಯಕ್ಕೂ ಬೇರೆ ಬೇರೆ ಉತ್ತರಗಳಿರಬೇಕು. ನಮ್ಮ ರಾಜ್ಯದಲ್ಲಿ ಇಂಥ ಡೈರಿ ಬಳಸುವುದಾದರೆ ಇನ್ನೊಂದು ತೊಡಕಿದೆ. ಮೊಬೈಲ್ ಮನೆಯವರೆಲ್ಲರ ಕೈಗೂ ಸಿಗುವಂತಿದ್ದರೆ, ಅತ್ತೆಯ ಎದುರು ಸಂಜೆ ಏಳಕ್ಕೆ ಆ ಪ್ರಶ್ನೆ ತೆರೆಯ ಮೇಲೆ ಬಂದಾಗ ಸೊಸೆ ಒತ್ತುವ ಉತ್ತರ 'ಅನ್ವಯಿಸುವುದಿಲ್ಲ' ಎಂದೇ ಆಗಬಹುದು. ನೆನಪಿನ ಸೂಚನೆಯಲ್ಲಿ ರೋಗದ ಹೆಸರು ಕಾಣದಂತೆ ಮಾಡುವುದು, ಗುಪ್ತಸಂಖ್ಯೆ ಇಡುವುದು, ಉತ್ತರಿಸುವ ಹೊತ್ತನ್ನು ಆಕೆಯೇ ಆರಿಸಿಕೊಳ್ಳಲು ಬಿಡುವುದು, ಇವನ್ನು ಪ್ರಯೋಗ ಶುರುವಾಗುವ ಮೊದಲೇ ನಿರ್ಧರಿಸಿರಬೇಕು.