ಎಸ್‌ಡಿಬಿ ಅಂದರೆ ಎರಡನೇ ಸ್ಲಾಟ್ ಅಲ್ಲ

ಪ್ರಶ್ನೆ: ಗಂಗಾವತಿಯ ನಮ್ಮ ರೈಸ್ ಮಿಲ್ ಆಫೀಸಿನ ಸರ್ವರ್‌ನಲ್ಲಿ ಒಂದೇ ಕಂಪನಿಯ, ಒಂದೇ ಸೈಜಿನ ನಾಲ್ಕು ಡಿಸ್ಕ್ ಇವೆ. ಒಂದನ್ನು ಪೂರ್ತಿಯಾಗಿ ವರ್ಚುವಲ್ ಮಷೀನ್‌ಗೆ (ಸರ್ವರ್ ಒಳಗೇ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಕೊಡಬೇಕು. ಯಾವುದು ಯಾವುದು ಅಂತ ಗುರುತಿಸುವುದು ಹೇಗೆ?

ಬಳ್ಳಾರಿಯಿಂದಲೂ ಇದೇ ಪ್ರಶ್ನೆ, ಸಿಂಧನೂರಿನಿಂದಲೂ ಇದೇ. ಉತ್ತರ ಚಿಕ್ಕದು. ಡಿಸ್ಕಿನ ಸೀರಿಯಲ್ ನಂಬರ್ ನೋಡಿ. ಲಿನಕ್ಸ್‌ನ ಬೈ-ಐಡಿ ಫೋಲ್ಡರ್‌ನಲ್ಲಿ (/dev/disk/by-id) ಅದೇ ನಂಬರ್ ಇರುವ ಹೆಸರನ್ನು ವರ್ಚುವಲ್ ಮಷೀನ್‌ಗೆ ಕೊಡಿ. ಲಿನಕ್ಸ್ ತಾನೇ ಇಡುವ ಎಸ್‌ಡಿಬಿ (sdb), ಎಸ್‌ಡಿಸಿ (sdc) ಅನ್ನುವ ಹೆಸರು ಕೊಡಬೇಡಿ.

ಇಷ್ಟು ಹೇಳಿದ ಮೇಲೂ ಒಂದು ಮಾತು ವಾಪಸ್ ಬರುತ್ತದೆ: "ಸರ್, ಎಸ್‌ಡಿಬಿ ಅಂದ್ರೆ ಎರಡನೇ ಸ್ಲಾಟ್ ಅಲ್ವಾ?" ಅಲ್ಲ. ಯಾವತ್ತೂ ಆಗಿರಲಿಲ್ಲ. ಬೂಟ್ ಆಗುವಾಗ ಕರ್ನೆಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಮೊದಲು ಸಿಕ್ಕಿದ ಡಿಸ್ಕ್ ಎಸ್‌ಡಿಎ, ಆಮೇಲೆ ಸಿಕ್ಕಿದ್ದು ಎಸ್‌ಡಿಬಿ. ನಿಮ್ಮ ಮಿಲ್ ಗೇಟಿನಲ್ಲಿ ಭತ್ತದ ಲಾರಿಗಳಿಗೆ ಟೋಕನ್ ಕೊಡುತ್ತೀರಲ್ಲ, ಹಾಗೆ. ಇವತ್ತು ಎರಡನೇ ಟೋಕನ್ ತಗೊಂಡ ಲಾರಿಗೆ ನಾಳೆ ಐದನೆಯದು ಸಿಗಬಹುದು. ಲಾರಿಯ ನಂಬರ್ ಪ್ಲೇಟ್ ಮಾತ್ರ ಬದಲಾಗಲ್ಲ. ಸೀರಿಯಲ್ ನಂಬರ್ ಅಂದರೆ ಆ ಪ್ಲೇಟು.

"ನಮ್ಮಲ್ಲಿ ಇಷ್ಟು ದಿನ ಬದಲಾಗಿಲ್ಲ" ಅನ್ನುತ್ತಾರೆ. ಹೌದು, ಸರ್ವರ್ ರೀಸ್ಟಾರ್ಟ್ ಆಗುವ ತನಕ ಸಾಮಾನ್ಯವಾಗಿ ಬದಲಾಗುವುದಿಲ್ಲ. ರೀಸ್ಟಾರ್ಟ್ ಆದ ಮೇಲೂ ಎಷ್ಟೋ ಸಲ ಹಳೇ ಹೆಸರೇ ಬರುತ್ತದೆ. ನಂಬಿಕೆ ಗಟ್ಟಿಯಾಗುವುದು ಅಲ್ಲೇ. ಒಂದು ದಿನ ಕರೆಂಟ್ ಹೋಗುತ್ತದೆ, ಯುಪಿಎಸ್ ಕೈ ಕೊಡುತ್ತದೆ. ಮತ್ತೆ ಆನ್ ಆಗುವಾಗ ಒಂದು ಡಿಸ್ಕ್ ತಿರುಗಲು ಸ್ವಲ್ಪ ತಡ ಮಾಡಿತು ಅಂತಿಟ್ಟುಕೊಳ್ಳಿ. ಇಲ್ಲವೇ ಯಾರೋ ಹಿಂದೆ ಪೆನ್‌ಡ್ರೈವ್ ಬಿಟ್ಟಿದ್ದರು, ಇಲ್ಲವೇ ಒಂದು ಡಿಸ್ಕ್ ಸತ್ತಿತು. ಹೆಸರುಗಳು ಒಂದೊಂದು ಮನೆ ಜರುಗಬಹುದು. ಸಿಸಿಟಿವಿಗೆ ಮಾಡಿದ ವಿಂಡೋಸ್ ಮಷೀನ್ ಎದುರಿಗೆ ಈಗ ವೇಬ್ರಿಡ್ಜ್ ಲೆಕ್ಕದ ಡಿಸ್ಕ್ ನಿಂತಿದೆ. ಲಿನಕ್ಸ್ ಫಾರ್ಮ್ಯಾಟ್ ವಿಂಡೋಸ್‌ಗೆ ಗೊತ್ತಾಗಲ್ಲ, "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಆಫೀಸಿನ ಹುಡುಗ ಓಕೆ ಒತ್ತುತ್ತಾನೆ. ಅವನದೇನು ತಪ್ಪು?

ಯುಯುಐಡಿ ಸಾಕಲ್ವಾ ಅಂತ ಕೇಳುವವರಿಗೆ: ಅದು ಫೈಲ್‌ಸಿಸ್ಟಮ್‌ನ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಗುರುತು, ಡಿಸ್ಕಿನದ್ದಲ್ಲ. ಫಾರ್ಮ್ಯಾಟ್ ಮಾಡಿದರೆ ಹೋಯಿತು.

ಈಗ ಕೆಲಸಕ್ಕೆ ಬನ್ನಿ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್‌ನಲ್ಲಿ ಹೆಸರು, ಸೈಜು, ಮಾಡೆಲ್, ಸೀರಿಯಲ್ ಕಾಲಂಗಳನ್ನು ತರಿಸಿ. ಸರ್ವರ್ ಆಫ್ ಮಾಡಿ ಟ್ರೇ ಎಳೆದು, ಡಿಸ್ಕಿನ ಲೇಬಲ್ ಮೇಲಿರುವ ಸೀರಿಯಲ್ ಜೊತೆ ತಾಳೆ ನೋಡಿ. ಕೊನೆಯ ನಾಲ್ಕು ಅಕ್ಷರಗಳನ್ನು ಸ್ಟಿಕ್ಕರ್ ಮೇಲೆ ಬರೆದು ಟ್ರೇ ಮುಂಭಾಗಕ್ಕೆ ಅಂಟಿಸಿ. ಆಫ್ ಮಾಡುವ ಹಾಗಿಲ್ಲ ಅಂದರೆ ಲೆಡ್‌ಸಿಟಿಎಲ್ (ledctl) ಕಮಾಂಡ್‌ನಲ್ಲಿ ಲೊಕೇಟ್ ಕೊಡಿ. ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂರುವ ಹಿಂಬದಿಯ ಬೋರ್ಡ್) ಒಪ್ಪಿದರೆ ಆ ಸ್ಲಾಟಿನ ದೀಪ ಮಿನುಗುತ್ತದೆ.

ಬೈ-ಐಡಿಯಲ್ಲಿ ಒಂದೇ ಡಿಸ್ಕ್‌ಗೆ ಎರಡು ಹೆಸರು ಕಂಡರೆ ಗಾಬರಿ ಬೇಡ. ಎಟಿಎ ಅಂತ ಶುರುವಾಗುವುದರಲ್ಲಿ ಮಾಡೆಲ್, ಸೀರಿಯಲ್ ಎರಡೂ ಇರುತ್ತವೆ, ಕಣ್ಣಿಗೆ ಸುಲಭ. ಡಬ್ಲ್ಯೂಡಬ್ಲ್ಯೂಎನ್ (wwn) ಅಂತ ಶುರುವಾಗುವುದೂ ಅದೇ ಡಿಸ್ಕ್. ಕೊನೆಗೆ ಪಾರ್ಟ್-1 ಅಂತಿದ್ದರೆ ಅದು ಪಾರ್ಟಿಷನ್, ಬಿಡಿ. ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ರೇಡ್ ಕಾರ್ಡ್ ಹಿಂದೆ ಡಿಸ್ಕ್ ಇದ್ದರೆ ಲಿನಕ್ಸ್‌ಗೆ ಕಾಣುವುದು ಕಾರ್ಡ್ ಕಟ್ಟಿದ ವಾಲ್ಯೂಮ್ ಮಾತ್ರ. ಆಗ ಸೀರಿಯಲ್ ನೋಡಲು ಕಾರ್ಡಿನ ಸ್ವಂತ ಟೂಲ್ ಬಳಸಿ.

ಕೊಟ್ಟ ಮೇಲೆ ಆ ಡಿಸ್ಕನ್ನು ಹೋಸ್ಟ್‌ನಲ್ಲಿ, ಅಂದರೆ ಅಸಲಿ ಸರ್ವರ್‌ನಲ್ಲಿ, ಮೌಂಟ್ ಮಾಡಿ ತೆರೆಯಲೇಬೇಡಿ, "ಸುಮ್ನೆ ಒಂದ್ಸಲ ನೋಡೋಣ" ಅಂತ ಕೂಡ. ಎರಡು ಕಡೆಯಿಂದ ಬರೆದರೆ ಫೈಲ್‌ಸಿಸ್ಟಮ್ ಹಾಳಾಗುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೀಗೆ ಕೊಟ್ಟ ಡಿಸ್ಕಿನ ಆರೋಗ್ಯ ವರ್ಚುವಲ್ ಮಷೀನ್ ಒಳಗೆ ಕಾಣುವುದಿಲ್ಲ. ಅಲ್ಲಿ ಹುಡುಕಿದರೆ ಕೆಮು ಹಾರ್ಡ್‌ಡಿಸ್ಕ್ (ಕೆಮು ಅಂದರೆ ವರ್ಚುವಲ್ ಮಷೀನ್ ಓಡಿಸುವ ಸಾಫ್ಟ್‌ವೇರ್) ಅನ್ನೋ ಹೆಸರು ಸಿಗುತ್ತದೆ, ಅಷ್ಟೆ. ಹೋಸ್ಟ್‌ನಲ್ಲೇ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ (smartctl) ಕಮಾಂಡ್ ಓಡಿಸಿ. ಟೆಂಪರೇಚರ್ ಸಾಲನ್ನು ಮೊದಲು ನೋಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಸರ್ವರ್ ಹಾರ್ಡ್‌ಡಿಸ್ಕ್‌ಗಳ ಮಿತಿ ಸಾಮಾನ್ಯವಾಗಿ 60. ಆಮೇಲೆ ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಪಡೆದ) ಮತ್ತು ಪೆಂಡಿಂಗ್ (ಕೆಟ್ಟಿರಬಹುದೆಂಬ ಅನುಮಾನದ) ಸೆಕ್ಟರ್ ಸಾಲುಗಳು. ಸೊನ್ನೆ ಇದ್ದರೆ ಸರಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತರಿಸಿ, ಸ್ಟಿಕ್ಕರ್ ನೋಡಿಕೊಂಡೇ ಹಳೆಯದನ್ನು ಎಳೆಯಿರಿ.