ಎಣ್ಣೆ ತಿಕ್ಕಿ ಜಳಕ ಮಾಡಿದರೂ ಮೈ ಯಾಕೆ ಒಡೆಯುತ್ತದೆ?

ಪ್ರಶ್ನೆ: ನಾವು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯವರು. ದೀಪಾವಳಿ ಮುಗಿದರೆ ಸಾಕು, ಮೊಣಕಾಲ ಕೆಳಗಿನ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗಿ ತುರಿಸುತ್ತದೆ. ದಿನಾ ಕೊಬ್ಬರಿ ಎಣ್ಣೆ ತಿಕ್ಕಿಕೊಂಡೇ ಬಿಸಿನೀರ ಜಳಕ ಮಾಡುತ್ತೇನೆ, ಆದರೂ ಕಡಿಮೆಯಾಗಿಲ್ಲ. ಬೇರೆ ಎಣ್ಣೆ ಬಳಸಬೇಕೆ?

ಉತ್ತರ: ಎಣ್ಣೆ ಅದೇ ಇರಲಿ. ಹಚ್ಚುವ ಹೊತ್ತನ್ನು ಬದಲಿಸಿ.

ಎಣ್ಣೆಯಲ್ಲಿ ನೀರಿನಂಶ ಇಲ್ಲ. ಚರ್ಮದಲ್ಲಿ ಆಗಲೇ ಇರುವ ತೇವ ಆರಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಒಣಗಿದ ಮೈಗೆ ತಿಕ್ಕಿಕೊಂಡು, ಹಂಡೆಯ ಸುಡುನೀರು ಸುರಿದುಕೊಂಡು, ಮೇಲೆ ಸಾಬೂನು ಉಜ್ಜಿದರೆ ಹಚ್ಚಿದ ಎಣ್ಣೆಯಲ್ಲಿ ಬಹುಪಾಲು ಬಚ್ಚಲು ಸೇರುತ್ತದೆ. ಅದರ ಜೊತೆಗೆ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ. ನಿಜವಾದ ನಷ್ಟ ಅದು. ಹೊರಪದರದ ಕೋಶಗಳ ನಡುವೆ ಸೆರಮೈಡ್ ಎಂಬ ಮೇಣದಂಥ ಜಿಡ್ಡು, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು ತುಂಬಿಕೊಂಡಿರುತ್ತವೆ. ಒಳಗಿನ ನೀರನ್ನು ಕಾಯುವುದು ಇವೇ. ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಸುಮಾರು 5 ಇದ್ದರೆ ಸಾಮಾನ್ಯ ಸಾಬೂನಿನದು 9ರಿಂದ 10. ದಿನವೂ ಅದನ್ನೇ ಉಜ್ಜಿದರೆ ಈ ಕಾವಲು ಸಡಿಲವಾಗುತ್ತದೆ. ಮೊಣಕಾಲ ಕೆಳಗೆ ಜಿಡ್ಡಿನ ಗ್ರಂಥಿಗಳೇ ಕಡಿಮೆ, ಹಾಗಾಗಿ ಒಡೆಯುವುದು ಅಲ್ಲೇ ಮೊದಲು.

ನಮ್ಮ ಸೊಲ್ಲಾಪುರ, ಜತ್ತ ಕಡೆಯ ಥಂಡಿ ಒಣ ಥಂಡಿ. ಕಡಲು ದೂರ, ಬೀಸುವುದು ನೆಲದ ಮೇಲಿನ ಗಾಳಿ. ತಣ್ಣಗಿನ ಗಾಳಿ ನೀರಾವಿ ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ಇದರ ಮೇಲೆ ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಇನ್ನಷ್ಟು ಉಜ್ಜುತ್ತೇವೆ, ಕೊನೆಗೆ ಸಾಬೂನಿನ ಕಿಟ್ಟ ಮೈಮೇಲೇ ಉಳಿಯುತ್ತದೆ.

ಹಾಗಾಗಿ ಉಗುರುಬೆಚ್ಚನೆ ನೀರಲ್ಲಿ ಐದು-ಹತ್ತು ನಿಮಿಷದೊಳಗೆ ಜಳಕ ಮುಗಿಸಿ. ಸಾಬೂನು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಹೊಲದ ಮಣ್ಣು ಮೆತ್ತಿದ ದಿನದ ಮಾತು ಬೇರೆ. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಮೈ ಇನ್ನೂ ಹಸಿಯಿರುವಾಗಲೇ, ಎರಡು-ಮೂರು ನಿಮಿಷದೊಳಗೆ ಎಣ್ಣೆ ಹಚ್ಚಿ. ರಾತ್ರಿ ಮಲಗುವ ಮುಂಚೆ ಕಾಲಿಗೆ ಮತ್ತೊಮ್ಮೆ.

ಕೊಬ್ಬರಿ ಎಣ್ಣೆ ಒಳ್ಳೆಯದೇ. ನಮ್ಮ ಸೀಮೆಯ ಕುಸುಬೆ ಎಣ್ಣೆಯನ್ನೂ ಮರೆಯಬೇಡಿ. ಅದರಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲ ಚರ್ಮದ ಸೆರಮೈಡ್‌ಗಳಿಗೆ ಬೇಕಾದ ಸಾಮಗ್ರಿ. ಆದರೆ ತೇವ ತಡೆಯುವುದರಲ್ಲಿ ಅಗ್ಗದ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಕಷ್ಟ. ನನ್ನನ್ನು ಕೇಳಿದರೆ ದುಬಾರಿ ಕ್ರೀಮಿಗಿಂತ ಅದೇ ವಾಸಿ. ಒಂದು ಎಚ್ಚರ: ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಅದನ್ನು ಉಟ್ಟು ಒಲೆಯ ಮುಂದೆ ಕಾಯಿಸಿಕೊಳ್ಳುತ್ತ ಕೂರಬೇಡಿ, ಮುದುಕರನ್ನೂ ಕೂರಿಸಬೇಡಿ. ಬೆಂಕಿಯ ಝಳ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ ಕೂಡ.

ಉಣ್ಣೆಯ ಕಂಬಳಿ ನೇರ ಮೈಗೆ ತಾಗಿದರೆ ತುರಿಕೆ ಹೆಚ್ಚು. ಒಳಗೊಂದು ಹತ್ತಿಯ ಚಾದರ ಹೊದೆಯಿರಿ.

ಹಿಮ್ಮಡಿ ಸೀಳಿದ್ದರೆ ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ನೆನೆಸಿ, ಯೂರಿಯಾ ಇರುವ ಕ್ರೀಮು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಗೊಬ್ಬರದ ಯೂರಿಯಾ ಅಲ್ಲ. ಔಷಧಿ ಅಂಗಡಿಯಲ್ಲಿ ಇದರ ಕ್ರೀಮು ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಕಾಲು ನೆನೆಹಾಕುವುದೂ ಬೇಡ, ಬ್ಲೇಡಿನಿಂದ ಹೆರೆಯುವುದಂತೂ ಬೇಡವೇ ಬೇಡ. ಅವರಿಗೆ ಬಿಸಿ, ನೋವು ಗೊತ್ತಾಗದೆಯೇ ಗಾಯವಾಗಬಹುದು.

ಅಂಗಡಿಯವರು ಕೊಟ್ಟರೆಂದು ತುರಿಕೆಗೆ ಬೆಟಾಮೆಥಸೋನ್, ಕ್ಲೋಬೆಟಾಸೋಲ್ ಇರುವ ಟ್ಯೂಬು ತಂದು ತಿಂಗಳುಗಟ್ಟಲೆ ಹಚ್ಚಬೇಡಿ. ಇವು ಸ್ಟೀರಾಯ್ಡ್, ಚರ್ಮವನ್ನೇ ತೆಳುಮಾಡುತ್ತವೆ. ಎರಡು ವಾರ ಮೇಲೆ ಹೇಳಿದಂತೆ ಜಳಕ ಮಾಡಿ ಎಣ್ಣೆ ಹಚ್ಚಿಯೂ ತುರಿಕೆ ನಿದ್ದೆ ಕೆಡಿಸುತ್ತಿದ್ದರೆ, ಸೀಳಿನಿಂದ ರಕ್ತ ಅಥವಾ ಕೀವು ಬಂದರೆ, ಮನೆಯಲ್ಲಿ ಇನ್ನೊಬ್ಬರಿಗೂ ರಾತ್ರಿ ತುರಿಕೆ ಶುರುವಾಗಿದ್ದರೆ ವೈದ್ಯರಿಗೆ ತೋರಿಸಿ. ಕೊನೆಯದು ಕಜ್ಜಿಯ ಹುಳುವಿನ ಲಕ್ಷಣ ಆಗಿರಬಹುದು, ಅದಕ್ಕೆ ಮನೆಮಂದಿಗೆಲ್ಲ ಒಟ್ಟಿಗೇ ಔಷಧಿ ಬೇಕು.